ಮಣಿಪಾಲದ ಡಾ. ಟಿ. ಎಂ. ಎ. ಪೈಯವರು

ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರ ಜೂನ್ 30ರಂದು. ಆಗ ಉಡುಪಿಯೂ ನಮ್ಮ ಈ ಕೊಂಡಪಲ್ಲಿಯೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ಮೂರು ತಿಂಗಳಲ್ಲಿ ಆಂಧ್ರ ಬೇರೆಯಾಯಿತು. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಆ ಕಾಲೇಜನ್ನು ಕಟ್ಟಿದ ಪೈಯವರ ಚರಿತ್ರೆ ಕೃಷ್ಣಾತೀರದಲ್ಲಿ ಮನೆಮಾಡಿದ ಕನ್ನಡಿಗರಾದ ನಮಗೂ ದೂರದ್ದಲ್ಲ.

ತೋನ್ಸೆ ಮಾಧವ ಅನಂತ ಪೈಯವರು 1898ರ ಏಪ್ರಿಲ್ 30ರಂದು ಹುಟ್ಟಿದರು. ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿ ಉಡುಪಿಗೆ ಮರಳಿ ವೃತ್ತಿ ಹಿಡಿದರು. ಕೈಮಗ್ಗದವರ ಕಷ್ಟ ಕಂಡು, 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವರೊಡನೆ 8,000 ರೂಪಾಯಿ ಬಂಡವಾಳದಲ್ಲಿ ಬ್ಯಾಂಕು ತೆರೆದರು. 1928ರ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನವನೇ ಬಡವನ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟನ್ನೂ ಪಡೆದು ಬರುತ್ತಿದ್ದ. ಸಣ್ಣ ಹಣವನ್ನು ಕೂಡಿಸಿದರೆ ದೊಡ್ಡ ಕೆಲಸವಾಗುವುದೆಂಬುದನ್ನು ಪೈಯವರು ಕಲಿತದ್ದು ಇಲ್ಲಿಯೇ ಎಂದು ನಮಗೆ ತೋರುತ್ತದೆ.

ಕಾಲೇಜನ್ನೇನೋ ಬೋಳುಗುಡ್ಡದ ಮೇಲೆ ಕಟ್ಟಬಹುದು. ಆದರೆ ರೋಗಿಗಳಿಲ್ಲದೆ ವೈದ್ಯನನ್ನು ತಯಾರಿಸುವುದು ಹೇಗೆ? ರೋಗಿಗಳಿದ್ದದ್ದು ಮಂಗಳೂರಿನಲ್ಲಿ. ಹಂಚಿನ ಕಾರ್ಖಾನೆಯ ಆಳುಗಳು, ಬೀಡಿ ಕಟ್ಟುವ ಹೆಂಗಸರು, ಬಂದರಿನ ಹಮಾಲರು ಕಾಯಿಲೆ ಬಿದ್ದರೆ ಸರಕಾರದ ವೆನ್‌ಲಾಕ್ ಆಸ್ಪತ್ರೆಗೋ, ಹೆರಿಗೆಗೆ ಲೇಡಿ ಗೋಷನ್ನಿಗೋ ಹೋಗುವವರು. ಪೈಯವರು ಸರಕಾರದೊಡನೆ ಒಪ್ಪಂದಕ್ಕೆ ಬಂದರು. ಕಟ್ಟಡ, ಹಾಸಿಗೆಗಳು ಸರಕಾರದವು. ಕಾಲೇಜಿನ ಅಧ್ಯಾಪಕರು ಅಲ್ಲಿ ರೋಗಿಗಳನ್ನು ನೋಡುತ್ತ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು. 1955ರಲ್ಲಿ ಕಾಲೇಜಿನ ಮಂಗಳೂರು ವಿಭಾಗ ತಲೆಯೆತ್ತಿತು. ದೊಡ್ಡ ದವಾಖಾನೆಯ ಮೆಟ್ಟಿಲು ಹತ್ತಲಾರದ ಕೂಲಿಯವನ ಹಾಸಿಗೆಯ ಬಳಿಗೆ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರೇ ಬರುವಂತಾಯಿತು. ಸುತ್ತ ನಿಂತ ಹತ್ತಾರು ಹುಡುಗರ ಮುಂದೆ ಮೈ ತೋರಿಸುವ ಸಂಕೋಚ ಮಾತ್ರ ಆ ಬಡವನದೇ. ಅವನು ತೆತ್ತ ಈ ಬೆಲೆಯನ್ನು ಯಾವ ಲೆಕ್ಕಪುಸ್ತಕದಲ್ಲಿಯೂ ಬರೆಯುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. ಕಾಲೇಜು ನಡೆದದ್ದು ಬಹುಪಾಲು ವಿದ್ಯಾರ್ಥಿಗಳು ಕೊಟ್ಟ ಹಣದಿಂದ. ಸೀಟಿಗೆ ವಂತಿಗೆ ಎಂಬ ಪದ್ಧತಿ ಇಲ್ಲಿಂದ ಬೇರೂರಿತೆಂಬ ದೂರು ಪೈಯವರ ಬೆನ್ನು ಬಿಡಲಿಲ್ಲ. ಆ ದೂರು ಬರಿಯ ಅಸೂಯೆಯದಲ್ಲ. ಬುದ್ಧಿಯಿದ್ದೂ ಹಣವಿಲ್ಲದ ಹುಡುಗ ಬಾಗಿಲಾಚೆ ಉಳಿದದ್ದು ನಿಜ. ಆದರೆ ಸರಕಾರದ ಕಾಲೇಜುಗಳು ಬೆರಳೆಣಿಕೆಯಷ್ಟೇ ಇದ್ದ ದಿನಗಳವು. ಹಣವಂತರ ಮಕ್ಕಳ ಶುಲ್ಕದಿಂದ ಸಂಬಳ ಪಡೆದ ಅಧ್ಯಾಪಕರು ಬಡವರ ವಾರ್ಡಿನಲ್ಲಿ ದುಡಿದರೆಂಬುದೂ ಅಷ್ಟೇ ನಿಜ. ಎರಡನ್ನೂ ತಕ್ಕಡಿಯಲ್ಲಿಟ್ಟರೆ ನಮ್ಮ ಮನಸ್ಸು ವಾರ್ಡಿನ ಕಡೆಗೇ ವಾಲುತ್ತದೆ.

ಪೈಯವರಿಗೆ 1972ರಲ್ಲಿ ಪದ್ಮಶ್ರೀ ಬಂದಿತು. 1979ರ ಮೇ 29ರಂದು ಅವರು ತೀರಿಕೊಂಡರು. ಅಷ್ಟರಲ್ಲಿ ಮಣಿಪಾಲಕ್ಕೆ ಸ್ವಂತ ಆಸ್ಪತ್ರೆಯೇ ಬಂದಿತ್ತು. ಆದರೂ ವೆನ್‌ಲಾಕಿನ ವಾರ್ಡುಗಳನ್ನು ಕಾಲೇಜು ಕೈಬಿಡಲಿಲ್ಲ. ಪೈಯವರ ಬಳಿಕವೂ ದಶಕಗಳ ಕಾಲ ಅಲ್ಲಿ ಪಾಠವೂ ಚಿಕಿತ್ಸೆಯೂ ಜೊತೆಯಾಗಿಯೇ ನಡೆದವು.