ರಾಷ್ಟ್ರನಿರ್ಮಾಪಕ ಪ್ರಾಧ್ಯಾಪಕ ಮಸಾರಿಕ್

ಒಂದು ಜನಾಂಗವು ತಾನು ಸ್ವತಂತ್ರವೆಂದು ಸಾರಿಕೊಂಡ ಮಾತ್ರಕ್ಕೆ ಲೋಕವು ಅದನ್ನು ರಾಷ್ಟ್ರವೆಂದು ಎಣಿಸುವುದಿಲ್ಲ. ಇತರ ರಾಷ್ಟ್ರಗಳ ಮಾನ್ಯತೆಯೂ ಬೇಕಾಗುತ್ತದೆ. ಕಾಲೂರಲು ಅಂಗೈಯಗಲ ಸ್ವಂತ ನೆಲವಿಲ್ಲದಿದ್ದಾಗಲೇ ಅಂತಹ ಮಾನ್ಯತೆಯನ್ನು ತಮ್ಮ ನಾಡಿಗೆ ದೊರಕಿಸಿಕೊಟ್ಟವರು ಚೆಕೊಸ್ಲೊವಾಕಿಯದ ತೊಮಾಷ್ ಮಸಾರಿಕ್. ಅವರು ಸೇನಾನಿಯಲ್ಲ, ರಾಜವಂಶಜರೂ ಅಲ್ಲ, ವೃತ್ತಿಯಿಂದ ಅಧ್ಯಾಪಕರು.

ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯದ ಹೊಡೊನಿನ್ ಎಂಬ ಊರಿನಲ್ಲಿ ೧೮೫೦ರ ಮಾರ್ಚ್ ೭ರಂದು ಅವರು ಜನಿಸಿದರು. ತಂದೆ ಕುದುರೆಗಾಡಿ ಹೊಡೆಯುವ ಸ್ಲೊವಾಕ್ ಆಳು. ಬಾಲಕನು ಬೀಗ ಮಾಡುವವನ ಬಳಿಯೂ ಕಮ್ಮಾರಸಾಲೆಯಲ್ಲಿಯೂ ದುಡಿದು, ಅನಂತರ ವಿದ್ಯೆಯ ಹಾದಿ ಹಿಡಿದು, ವಿಯೆನ್ನದಲ್ಲಿ ಡಾಕ್ಟರೇಟ್ ಪಡೆದನು. ೧೮೮೨ರಲ್ಲಿ ಪ್ರಾಗ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿ ಲಭಿಸಿತು.

ಪ್ರಾಚೀನವೆಂದು ಚೆಕ್ ಜನರು ಅಭಿಮಾನದಿಂದ ಆದರಿಸುತ್ತಿದ್ದ ಹಸ್ತಪ್ರತಿಗಳು ಕೃತಕವೆಂಬ ವಾದಕ್ಕೆ ೧೮೮೬ರಲ್ಲಿ ಮಸಾರಿಕರು ತಮ್ಮ ಪತ್ರಿಕೆಯಲ್ಲಿ ಎಡೆಗೊಟ್ಟರು. ಸ್ವಜನರೇ ಅವರನ್ನು ದ್ರೋಹಿಯೆಂದು ಜರೆದರು. ೧೮೯೯ರಲ್ಲಿ ನರಬಲಿಯ ಮಿಥ್ಯಾಪವಾದಕ್ಕೆ ಗುರಿಯಾದ ಯೆಹೂದಿ ತರುಣನ ಪಕ್ಷ ವಹಿಸಿದಾಗಲೂ ಅದೇ ಗತಿ. ಆದರೆ ಅಂದು ಮನೆಯಲ್ಲಿ ಕಳೆದುಕೊಂಡ ಮನ್ನಣೆಯೇ ಮುಂದೆ ಹೊರನಾಡುಗಳಲ್ಲಿ ಅವರ ಮಾತಿಗೆ ಬೆಲೆ ತಂದಿತು.

ಮೊದಲ ಮಹಾಯುದ್ಧ ತೊಡಗಿದ ಮೇಲೆ, ೧೯೧೪ರ ಡಿಸೆಂಬರಿನಲ್ಲಿ, ಅರವತ್ತನಾಲ್ಕರ ಹರೆಯದಲ್ಲಿ ಅವರು ದೇಶವನ್ನು ತೊರೆದರು. ಮರುವರ್ಷ ಮಗ ಹೆರ್ಬರ್ಟ್ ಟೈಫಸ್ ಜ್ವರಕ್ಕೆ ಬಲಿಯಾದನು. ಮಗಳು ಆಲಿಸ್ ವಿಯೆನ್ನದ ಸೆರೆಮನೆ ಸೇರಿದಳು. ಪತ್ನಿಯ ಆರೋಗ್ಯ ಕುಸಿಯಿತು. ತಂದೆ ದೂರದಲ್ಲಿ ಅಸಹಾಯಕರು. ಇಷ್ಟರ ನಡುವೆಯೂ ಬೆನೆಷ್ ಮತ್ತು ಷ್ಟೆಫಾನಿಕ್ ಎಂಬ ಸಹಕಾರಿಗಳೊಡನೆ ೧೯೧೬ರಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರೀಯ ಮಂಡಲಿಯು ರೂಪುಗೊಂಡಿತು.

ಮಂಡಲಿ ಕಾಗದದ ಮೇಲಿನದು. ಅದಕ್ಕೆ ತೂಕ ತಂದುದು ಸೈನ್ಯ. ೧೯೧೭ರಲ್ಲಿ ಮಸಾರಿಕರು ರಷ್ಯಕ್ಕೆ ತೆರಳಿ, ಅಲ್ಲಿ ಯುದ್ಧಕೈದಿಗಳಾಗಿದ್ದ ಚೆಕ್ ಮತ್ತು ಸ್ಲೊವಾಕ್ ಯೋಧರನ್ನು ಸೇನೆಯಾಗಿ ಸಂಘಟಿಸಲು ಶ್ರಮಿಸಿದರು. ೧೯೧೮ರಲ್ಲಿ ಸೈಬೀರಿಯ, ಜಪಾನ್ ಮಾರ್ಗವಾಗಿ ಅಮೆರಿಕ ಸೇರಿದರು. ಆ ಬೇಸಿಗೆಯಲ್ಲಿ ಅವರ ಸೈನಿಕರು ಸೈಬೀರಿಯದ ರೈಲುಮಾರ್ಗವನ್ನು ಸಹಸ್ರಾರು ಮೈಲಿಗಳುದ್ದಕ್ಕೂ ವಶಪಡಿಸಿಕೊಂಡರೆಂಬ ವಾರ್ತೆಯು ವಾಷಿಂಗ್ಟನ್ನಿನ ಮನಸ್ಸನ್ನು ತಿರುಗಿಸಿತು.

ಮಾನ್ಯತೆಯು ಒಮ್ಮೆಲೇ ಬರಲಿಲ್ಲ. ಫ್ರಾನ್ಸ್ ಜೂನ್ ೨೯ರಂದು ಮಂಡಲಿಯನ್ನು ಭಾವೀ ಸರ್ಕಾರದ ತಳಹದಿಯೆಂದಿತು. ಬ್ರಿಟನ್ ಆಗಸ್ಟ್ ೯ರಂದು ಚೆಕೊಸ್ಲೊವಾಕರನ್ನು ಮಿತ್ರರಾಷ್ಟ್ರವೆಂದಿತು. ಅಮೆರಿಕ ಸೆಪ್ಟೆಂಬರ್ ೩ರಂದು ಯುದ್ಧನಿರತವಾದ ವಾಸ್ತವ ಸರ್ಕಾರವೆಂದು ಒಪ್ಪಿತು. ಪ್ರಾಗ್ ನಗರದಲ್ಲಿ ಸ್ವಾತಂತ್ರ್ಯ ಘೋಷಣೆಯಾದುದು ಅನಂತರ, ಅಕ್ಟೋಬರ್ ೨೮ರಂದು. ನವೆಂಬರ್ ೧೪ರಂದು ರಾಷ್ಟ್ರೀಯ ಸಭೆಯು ಪರದೇಶದಲ್ಲಿದ್ದ ಮಸಾರಿಕರನ್ನೇ ಅಧ್ಯಕ್ಷರನ್ನಾಗಿ ಆರಿಸಿತು.

ಹೊಸ ರಾಷ್ಟ್ರದ ಒಡಲಲ್ಲಿ ಅಸಮಾಧಾನವೂ ಇತ್ತು. ಮೂವತ್ತು ಲಕ್ಷಕ್ಕೂ ಮಿಕ್ಕ ಜರ್ಮನರು ಒಲ್ಲದ ಮನಸ್ಸಿನಿಂದ ಅದರ ಪ್ರಜೆಗಳಾದರು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಸಾರಿಕರೇ ಸಹಿ ಹಾಕಿದ ಒಪ್ಪಂದದಂತೆ ಸ್ಲೊವಾಕರಿಗೆ ದೊರೆಯಬೇಕಿದ್ದ ಸ್ವಾಯತ್ತತೆ ಅವರ ಆಡಳಿತಕಾಲದಲ್ಲಿ ದೊರೆಯಲಿಲ್ಲ. ಅವರ ಕೀರ್ತಿಯನ್ನು ಎಷ್ಟೇ ಹೊಗಳಿದರೂ ಈ ಕೊರತೆಯನ್ನು ಮರೆಮಾಚಲಾಗದು.

೧೯೩೫ರಲ್ಲಿ ಅಧಿಕಾರವನ್ನು ತ್ಯಜಿಸಿದ ಅವರು ೧೯೩೭ರ ಸೆಪ್ಟೆಂಬರ್ ೧೪ರಂದು ಕಾಲವಶರಾದರು. ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಮೊದಲು ಮಾನ್ಯತೆ ನೀಡಿದ್ದ ಫ್ರಾನ್ಸ್ ಮತ್ತು ಬ್ರಿಟನ್‌ಗಳೇ ಮ್ಯೂನಿಕ್‌ನಲ್ಲಿ, ಚೆಕ್ಕರನ್ನು ಮಾತುಕತೆಗೆ ಕೂರಿಸದೆ, ಆ ದೇಶದ ಗಡಿನಾಡನ್ನು ಹಿಟ್ಲರನಿಗೆ ಒಪ್ಪಿಸಿದುವು. ಯುದ್ಧಾನಂತರ ಮತ್ತೆ ಒಂದಾದ ರಾಷ್ಟ್ರವು ೧೯೯೩ರ ಜನವರಿ ೧ರಂದು ರಕ್ತಪಾತವಿಲ್ಲದೆ ಎರಡಾಯಿತು. ಅದೇ ತಿಂಗಳ ೧೯ರಂದು ಚೆಕ್ ಗಣರಾಜ್ಯವೂ ಸ್ಲೊವಾಕಿಯವೂ ವಿಶ್ವಸಂಸ್ಥೆಯಲ್ಲಿ ಪ್ರತ್ಯೇಕ ಸದಸ್ಯತ್ವ ಪಡೆದುವು.