ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್

ಕ್ವಾಂಟಂ ಶಾಸ್ತ್ರದಲ್ಲಿ ಅಳತೆಯ ಅರ್ಥವನ್ನು ನಿರ್ಣಯಿಸಿದ ಮಹನೀಯರೊಬ್ಬರು ಸುಮಾರು ಆರು ತಿಂಗಳು ನಮ್ಮ ಬೆಂಗಳೂರಿನಲ್ಲಿಯೇ ಇದ್ದರೆಂಬುದನ್ನು ಬಲ್ಲವರು ವಿರಳ.

ಮ್ಯಾಕ್ಸ್ ಬಾರ್ನ್ 1882ರ ಡಿಸೆಂಬರ್ 11ರಂದು ಅಂದಿನ ಜರ್ಮನಿಯ ಬ್ರೆಸ್ಲಾವ್ ನಗರದ ಯಹೂದಿ ಮನೆತನದಲ್ಲಿ ಜನಿಸಿದರು. 1921ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1926ರಲ್ಲಿ ಶ್ರೋಡಿಂಗರ್ ತಮ್ಮ ತರಂಗ ಸಮೀಕರಣವನ್ನು ಪ್ರಕಟಿಸಿದಾಗ, ಆ ತರಂಗವು ಯಾವುದರದೆಂಬ ಸಂದೇಹ ಉಳಿಯಿತು. ಅದು ದ್ರವ್ಯದ ಅಲೆಯಲ್ಲ, ವೀಕ್ಷಿಸಿದಾಗ ಇಲೆಕ್ಟ್ರಾನು ಎಲ್ಲಿ ಕಾಣಸಿಕ್ಕೀತೆಂಬ ಸಂಭಾವ್ಯತೆಯ ಲೆಕ್ಕವೆಂದು ಬಾರ್ನ್ ಅದೇ ವರ್ಷ ವ್ಯಾಖ್ಯಾನಿಸಿದರು. ಒಂದು ಅಳತೆಯ ಫಲವನ್ನು ಸಾಮಾನ್ಯವಾಗಿ ಮುಂದಾಗಿ ನುಡಿಯಲಾಗದು. ಅದೇ ಅಳತೆಯನ್ನು ಸಾವಿರ ಸಲ ನಡೆಸಿದರೆ ಯಾವ ಫಲವು ಹೆಚ್ಚುಕಡಿಮೆ ಎಷ್ಟು ಸಲ ಬಂದೀತೆಂಬುದನ್ನು ನುಡಿಯಬಹುದು. ಅಲೆಯ ಪಾರದ ವರ್ಗವೇ ಆ ಸಂಭಾವ್ಯತೆಯೆಂಬ ಮುಖ್ಯ ಸೂತ್ರವು ಕರಡು ತಿದ್ದುವಾಗ ಅಡಿಟಿಪ್ಪಣಿಯಾಗಿ ಸೇರಿತು. ಅಡಿಟಿಪ್ಪಣಿಗಳನ್ನು ಓದದೆ ಪುಟ ಮಗುಚುವವರು ಇದನ್ನು ಗಮನಿಸಬೇಕು. ಆಪ್ತಮಿತ್ರರಾದ ಐನ್‌ಸ್ಟೈನರು ಮಾತ್ರ ಇದನ್ನು ಪ್ರಕೃತಿಯ ಪೂರ್ಣವಿವರಣೆಯೆಂದು ಕಡೆಯವರೆಗೂ ಒಪ್ಪಲಿಲ್ಲ.

1933ರಲ್ಲಿ ನಾಜಿಗಳು ಅವರನ್ನು ಹುದ್ದೆಯಿಂದ ದೂರವಿಟ್ಟರು. ಸರ್ ಸಿ. ವಿ. ರಾಮನ್ನರ ಆಹ್ವಾನದಂತೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರನ್ನು ಇಲ್ಲಿಯೇ ಖಾಯಂ ಪ್ರಾಧ್ಯಾಪಕರನ್ನಾಗಿ ನಿಲ್ಲಿಸಿಕೊಳ್ಳಲು ರಾಮನ್ನರು ಬಹಳ ಹೆಣಗಿದರು. ಆದರೆ ಸಭೆಯಲ್ಲಿ, ಬಾರ್ನರ ಸಮ್ಮುಖದಲ್ಲಿಯೇ, ಆಂಗ್ಲ ಪ್ರಾಧ್ಯಾಪಕರೊಬ್ಬರು ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯೆಂದು ಅವರನ್ನು ಹಳಿದರು. ಬಾರ್ನರು ತೀವ್ರವಾಗಿ ನೊಂದರು, ಹುದ್ದೆಯೂ ದೊರೆಯಲಿಲ್ಲ. ನಾಡಿಗೆ ಒದಗಿದ್ದ ಭಾಗ್ಯ ಹೀಗೆ ಕೈತಪ್ಪಿತು.

1936ರಿಂದ 1953ರವರೆಗೆ ಎಡಿನ್‌ಬರೋದಲ್ಲಿ ಬೋಧಿಸಿದರು. ಆ ವ್ಯಾಖ್ಯಾನವನ್ನೇ ವಿಶೇಷವಾಗಿ ಎತ್ತಿಹೇಳಿ 1954ರಲ್ಲಿ, ಎಂದರೆ 28 ವರ್ಷಗಳ ತರುವಾಯ, ನೊಬೆಲ್ ಪಾರಿತೋಷಕವಿತ್ತರು. 1970ರ ಜನವರಿ 5ರಂದು ಗಾಟಿಂಗೆನ್ನಿನಲ್ಲಿ ಕಾಲವಾದರು. ಅವರ ಸಮಾಧಿಶಿಲೆಯ ಮೇಲೆ, ಸ್ಥಾನ ಸಂವೇಗಗಳನ್ನು ಗುಣಿಸುವ ಕ್ರಮ ಬದಲಾದರೆ ಫಲವೂ ಬದಲಾಗುವುದೆಂಬ ಸಮೀಕರಣವನ್ನು ಕೆತ್ತಲಾಗಿದೆ.