ಭಾರ ಇಳಿಸಿದ ಬದುಕು

ಸಿಯಾಚಿನ್ ಹಿಮನದಿಯಲ್ಲಿ ನಮ್ಮ ಸೈನಿಕರು ಓಡಾಟಕ್ಕೂ ಸರಕು ಸಾಗಣೆಗೂ ಹಿಮ ಸ್ಕೂಟರುಗಳನ್ನು ಬಳಸುತ್ತಾರೆ. ಈ ಬಗೆಯ ಹಗುರ ವಾಹನದ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಸಣ್ಣ ಊರನ್ನು. ಅಲ್ಲಿ 1907ರ ಏಪ್ರಿಲ್ 16ರಂದು ಜನಿಸಿದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ತಮ್ಮ ಇಡೀ ಆಯುಷ್ಯವನ್ನು ಒಂದೇ ಸಮಸ್ಯೆಯ ಬೆನ್ನು ಹತ್ತಿ ಕಳೆದರು: ಮೆತ್ತನೆಯ ಹಿಮದಲ್ಲಿ ಹೂತುಹೋಗದಂತೆ ವಾಹನವನ್ನು ಓಡಿಸುವುದು ಹೇಗೆ?

ಇದಕ್ಕೆ ಇರುವುದು ಎರಡೇ ದಾರಿ. ವಾಹನದ ಭಾರವನ್ನು ಅಗಲವಾದ ಪಟ್ಟಿಯ ಮೇಲೆ ಹರಡಬೇಕು. ಇಲ್ಲವೇ ಭಾರವನ್ನೇ ಇಳಿಸಬೇಕು. ಬೊಂಬಾರ್ಡಿಯರ್ ಬಯಸಿದ್ದು ಎರಡನೆಯದನ್ನು. ಆದರೆ ಕಾಲ ಅವರಿಗೆ ಮೊದಲು ಕೊಟ್ಟದ್ದು ಮೊದಲನೆಯದನ್ನು ಮಾತ್ರ.

ಹದಿನೈದರ ಹರೆಯದಲ್ಲಿ, 1922ರಲ್ಲಿ, ಅವರು ಹಳೆಯ ಫೋರ್ಡ್ ಕಾರಿನ ಎಂಜಿನ್ನನ್ನು ಜಾರುಬಂಡಿಗೆ ಜೋಡಿಸಿ, ಹಿಂದೆ ವಿಮಾನದಂಥ ಪಂಖ ಕಟ್ಟಿ, ಸಹೋದರನೊಡನೆ ಊರ ಬೀದಿಯಲ್ಲಿ ಓಡಿಸಿದರು. ತೆರೆದ ಪಂಖದ ಅಪಾಯ ಕಂಡ ತಂದೆ ಅದನ್ನು ಕೂಡಲೇ ಕಳಚಿಹಾಕಿಸಿದರು. ಮಗ ಪಾದ್ರಿಯಾಗಲೆಂಬ ಆಸೆ ಮನೆಯವರಿಗಿತ್ತು. ಮಗ ಸೆಮಿನರಿ ಬಿಟ್ಟು ಯಂತ್ರವಿದ್ಯೆ ಕಲಿತು 1926ರಲ್ಲಿ ಸ್ವಂತ ಗ್ಯಾರೇಜು ತೆರೆದರು. ಬೇಸಿಗೆಯಲ್ಲಿ ಕಾರು ದುರಸ್ತಿ, ಚಳಿಗಾಲದಲ್ಲಿ ಪ್ರಯೋಗ. ಒಬ್ಬಿಬ್ಬರು ಕೂರುವ ಪುಟ್ಟ ವಾಹನ ಅವರ ಗುರಿಯಾಗಿತ್ತು. ಆದರೆ ಅಂದಿನ ಎಂಜಿನ್ನುಗಳು ಅದಕ್ಕೆ ತೀರ ಭಾರವಾಗಿದ್ದವು.

1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗ ಯುವೊನ್ ಅಪೆಂಡಿಸೈಟಿಸ್‌ಗೆ ತುತ್ತಾದ. ಆಸ್ಪತ್ರೆ ಇದ್ದದ್ದು ಸುಮಾರು ಐವತ್ತು ಕಿಲೋಮೀಟರ್ ದೂರದ ಶೆರ್‌ಬ್ರೂಕ್‌ನಲ್ಲಿ. ರಸ್ತೆಗಳನ್ನು ಹಿಮ ಮುಚ್ಚಿತ್ತು. ಗ್ಯಾರೇಜಿನಲ್ಲಿದ್ದ ಯಾವ ಯಂತ್ರವೂ ಆ ದಾರಿ ಕ್ರಮಿಸಲು ಸಿದ್ಧವಾಗಿರಲಿಲ್ಲ. ಮಗು ಉಳಿಯಲಿಲ್ಲ.

ಮುಂದಿನ ವರ್ಷವೇ ಅವರು ರಬ್ಬರು ಹೊದಿಸಿದ ಹಲ್ಲುಚಕ್ರ ಹಾಗೂ ಪಟ್ಟಿಯ ವ್ಯವಸ್ಥೆಯನ್ನು ರೂಪಿಸಿದರು. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಏಳು ಜನ ಕೂರುವ ಬಿ-7, ಅನಂತರ ಹನ್ನೆರಡು ಜನರ ಬಿ-12 ಹೊರಬಂದವು. ಭಾರ ಕಡಿಮೆಯಿರಲೆಂದು ಪ್ಲೈವುಡ್ ಹೊದಿಕೆ ಬಳಸಿದ ಈ ವಾಹನಗಳು ಆಂಬುಲೆನ್ಸ್ ಆದವು, ಅಂಚೆ ಹೊತ್ತವು, ಮಕ್ಕಳನ್ನು ಶಾಲೆಗೆ ಮುಟ್ಟಿಸಿದವು.

1948ರಲ್ಲಿ ಕ್ವಿಬೆಕ್ ಸರ್ಕಾರ ಗ್ರಾಮೀಣ ರಸ್ತೆಗಳ ಹಿಮವನ್ನು ತೆರವುಗೊಳಿಸಲು ನಿರ್ಧರಿಸಿತು. ಬೊಂಬಾರ್ಡಿಯರ್ ಅವರ ಮಾರಾಟ ಕುಸಿಯಿತು. ಆಡಳಿತದಲ್ಲಿ ದುಡಿದ ನನ್ನಂಥವನಿಗೆ ಈ ಘಟ್ಟ ವಿಶೇಷವಾಗಿ ಕಾಡುತ್ತದೆ. ಸರ್ಕಾರದ ನಿರ್ಧಾರ ಸರಿಯಾಗಿಯೇ ಇತ್ತು. ಹದಿನಾಲ್ಕು ವರ್ಷ ಮೊದಲೇ ಅದು ಜಾರಿಯಾಗಿದ್ದರೆ ಅವರ ಮಗು ಬದುಕುತ್ತಿತ್ತೇನೋ. ಆದರೆ ಲೋಕಹಿತದ ಆ ಕ್ರಮವೇ ಅವರ ಉದ್ಯಮಕ್ಕೆ ಪೆಟ್ಟು ಕೊಟ್ಟಿತು. ಅವರು ಜೌಗುನೆಲ ಹಾಗೂ ಕಾಡಿನ ಕೆಲಸಕ್ಕೆ ಒದಗುವ ಟ್ರ್ಯಾಕ್ಟರುಗಳತ್ತ ಹೊರಳಿ ಕಾರ್ಖಾನೆಯನ್ನು ಉಳಿಸಿಕೊಂಡರು.

ಐವತ್ತರ ದಶಕದ ಕೊನೆಗೆ ಹಗುರವಾದ, ನಂಬಬಹುದಾದ ಸಣ್ಣ ಎಂಜಿನ್ನುಗಳು ಮಾರುಕಟ್ಟೆಗೆ ಬಂದವು. ಹಿರಿಯ ಮಗ ಜರ್ಮೇನ್ ಒಂದೇ ತುಂಡಿನ ರಬ್ಬರು ಪಟ್ಟಿಯನ್ನು ರೂಪಿಸಿದರು. ಎರಡೂ ಕೂಡಿ 1959ರಲ್ಲಿ ಸ್ಕಿ-ಡೂ ಹುಟ್ಟಿತು. ಮೊದಲ ಮಾದರಿಗಳಲ್ಲಿ ಒಂದು ಉತ್ತರ ಒಂಟಾರಿಯೊದ ದುರ್ಗಮ ನೆಲೆಯಲ್ಲಿದ್ದ ಪಾದ್ರಿ ಮೋರಿಸ್ ವಿಮೆ ಅವರ ಕೈ ಸೇರಿತು. ಅಲ್ಲಿ ಅಂದಿನವರೆಗೆ ನಾಯಿಗಳೆಳೆಯುವ ಬಂಡಿಯೇ ಗತಿಯಾಗಿತ್ತು. ಮೊದಲ ವರ್ಷ 225 ವಾಹನಗಳು ಮಾರಾಟವಾದವು. 1963-64ರ ಹೊತ್ತಿಗೆ ಆ ಸಂಖ್ಯೆ ಎಂಟು ಸಾವಿರ ದಾಟಿತು. ಕೊಂಡವರಲ್ಲಿ ಬಹಳಷ್ಟು ಮಂದಿ ವಿನೋದಪ್ರಿಯರು. 1964ರ ಫೆಬ್ರವರಿ 18ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಬೊಂಬಾರ್ಡಿಯರ್ ಕ್ಯಾನ್ಸರ್‌ನಿಂದ ತೀರಿಕೊಂಡರು.

ಭಾರ ಇಳಿಸುವ ಕೆಲಸ ಇಂದಿಗೂ ನಿಂತಿಲ್ಲ. ಪರ್ವತ ಸವಾರಿಯ ವಾಹನಗಳು ಇನ್ನೂರು ಕಿಲೋ ಆಸುಪಾಸಿನಲ್ಲಿವೆ. ಲಿಥಿಯಂ ಬ್ಯಾಟರಿ, ಟೈಟಾನಿಯಂ ಹೊಗೆಕೊಳವೆ ಎಂದು ಒಂದೊಂದು ಕಿಲೋ ಇಳಿಸಲೂ ಸವಾರರು ಧಾರಾಳವಾಗಿ ಹಣ ತೆರುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯಿಲ್ಲ: ಕೊಳ್ಳುವ ಶಕ್ತಿಯಿದ್ದ ಕಡೆಗೇ ತಂತ್ರಜ್ಞಾನ ವಾಲುತ್ತದೆ. ಆದರೆ ಆ ಗ್ಯಾರೇಜಿನಲ್ಲಿ ಭಾರ ಇಳಿಸುವುದೆಂದರೆ ಆಸ್ಪತ್ರೆಯನ್ನು ಹತ್ತಿರ ತರುವುದಾಗಿತ್ತು. ಇಳಿದ ಪ್ರತಿ ಕಿಲೋದ ಲಾಭ ಯಾರಿಗೆ ಸಲ್ಲುತ್ತಿದೆ ಎಂಬ ಪ್ರಶ್ನೆಯನ್ನು ಆ ಮಗುವಿನ ಸಾವು ಇಂದಿಗೂ ಕೇಳುತ್ತಲೇ ಇದೆ.